ಕಲ್ಲು ಸಿಕ್ಕ ಜಾಗ

ನಾಗಪುರ
೧೨ ಜೂನ್ ೨೦೨೩

ಲೀನಾ,

ನಮ್ಮ ಲೇಖನ ಅಚ್ಚಾಯಿತು. ಕುಣಿದಾಡುತ್ತ ಬರೆಯಬೇಕಾದ ಕಾಗದ ಇದು, ಹಲ್ಲು ಕಡಿಯುತ್ತ ಬರೆಯುತ್ತಿದ್ದೇನೆ. ನಮ್ಮ ವಿಭಾಗದ ಮುಖ್ಯಸ್ಥರು ತಮ್ಮ ಹೆಸರನ್ನು ಮೊದಲು ಹಾಕಿಕೊಂಡು ನನ್ನದನ್ನು ಕೊನೆಗೆ ತಳ್ಳಿದ್ದಾರೆ. ಜೋಯಿಡಾ ಯಾವ ದಿಕ್ಕಿಗಿದೆ ಎಂದು ಆ ಮನುಷ್ಯನಿಗೆ ಇವತ್ತಿಗೂ ಗೊತ್ತಿಲ್ಲ, ಗೋವಾದಲ್ಲಿದೆಯಲ್ಲವೇ ಎಂದು ಕೇಳಿದರು. ಕೃತಜ್ಞತೆಯ ಸಾಲಿನಲ್ಲಾದರೂ ನಿನ್ನ ಹೆಸರು ಸೇರಿಸಿ ಎಂದೆ. ಆಶಾ ಕಾರ್ಯಕರ್ತೆಗೂ ಖನಿಜಕ್ಕೂ ಏನು ಸಂಬಂಧ ಎಂದು ನಕ್ಕರು. ನಿಮಗೂ ಈ ಖನಿಜಕ್ಕೂ ಏನು ಸಂಬಂಧ ಎಂದು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ.

ಇರಲಿ. ನಿನ್ನ ಅಣ್ಣ ಬಸ್ತ್ಯಾಂವನಿಗೆ ಹೇಳು, ಅವನು ಹೆದರಿ ಓಡಿದ ಕಲ್ಲಿಗೆ ಹೆಸರು ಸಿಕ್ಕಿದೆ. ಒರತೆಗೆ ಇಳಿಯಲು ಮೆಟ್ಟಿಲು ಕಡಿಯುವಾಗ ಕರಿ ಬಂಡೆ ಒಡೆದು, ಒಳಗೆ ಮಾಂಸದ ಬಣ್ಣ ಕಂಡು, ಸುತ್ತಿಗೆ ಬಿಸಾಕಿ ಬಂದಿದ್ದನಲ್ಲ. ನೀನು ಆ ಚೂರನ್ನು ಔಷಧಿ ಚೀಲದಲ್ಲಿ ಹಾಕಿಕೊಂಡು ಹಳಿಯಾಳದ ನಮ್ಮ ಅಂಗಡಿಗೆ ಬಂದು, "ರಾಜೀ, ಇದೇನೈತಿ ನೋಡ, ನಮ್ಮಣ್ಣಗ ಇದನ್ನ ನೋಡಿ ಜ್ವರ ಬಂದಾವ" ಎಂದಿದ್ದೆ. ಅಪ್ಪ ತಕ್ಕಡಿ ಬಿಟ್ಟು ನಕ್ಕಿದ್ದರು.

ಅದರ ಹೆಸರು ಪೈರಾಕ್ಸ್‌ಮ್ಯಾಂಗೈಟ್. ಹೇಳಲು ಬಾರದಿದ್ದರೆ ಬಿಡು, ನಮ್ಮ ಮುಖ್ಯಸ್ಥರಿಗೂ ಬರುವುದಿಲ್ಲ. ಮ್ಯಾಂಗನೀಸು, ಸ್ವಲ್ಪ ಕಬ್ಬಿಣ, ಮರಳಿನಲ್ಲಿರುವ ಸಿಲಿಕಾನು ಮತ್ತು ಆಮ್ಲಜನಕ, ಇಷ್ಟೇ ಅದರ ಮೈ. ಇದಕ್ಕೊಬ್ಬ ಅಕ್ಕ ಇದ್ದಾಳೆ, ರೋಡೋನೈಟ್ ಎಂದು. ಅವಳದೂ ಇದೇ ಗುಲಾಬಿ, ಇದೇ ಗಟ್ಟಿತನ. ಇಬ್ಬರೂ ಕಷ್ಟಪಟ್ಟು ಗಾಜನ್ನು ಗೀರುತ್ತಾರೆ, ಆಸಿಡ್ ಹಾಕಿದರೆ ನೊರೆಯುವುದಿಲ್ಲ. ಒಳಗಿನ ಸರಪಳಿಯಲ್ಲಿ ಮಾತ್ರ ವ್ಯತ್ಯಾಸ. ಅಕ್ಕನಲ್ಲಿ ಐದು ಕೊಂಡಿಗೊಮ್ಮೆ ಅದೇ ವರಸೆ ಮರಳುತ್ತದೆ, ತಂಗಿಯಲ್ಲಿ ಏಳಕ್ಕೊಮ್ಮೆ. ಅದನ್ನು ಕಣ್ಣು ಹೇಳಲಾರದು, ಎಕ್ಸ್‌ರೇ ಯಂತ್ರವೇ ಹೇಳಬೇಕು. ಯಂತ್ರ ಹೇಳಿದ ದಿನ ನಾನು ಪ್ರಯೋಗಾಲಯದಲ್ಲಿ ಒಬ್ಬಳೇ ಕೂಗಿದ್ದೆ.

ಹಿಂದೆ ನಿಮ್ಮ ಕಡೆ ಮ್ಯಾಂಗನೀಸು ತೆಗೆದವರೂ ಇದನ್ನು ಕಂಡಿರಲಿಕ್ಕಿಲ್ಲ. ಗಾಳಿ ನೀರು ತಾಗಿದರೆ ಮೇಲೆ ಕಪ್ಪು ಹೊಪ್ಪಳೆ ಕಟ್ಟುತ್ತದೆ, ಒಡೆಯದ ಹೊರತು ಯಾರಿಗೂ ಗೊತ್ತಾಗದು. ನಿಮ್ಮ ಒರತೆಯ ಬಳಿ ಸಿಕ್ಕಷ್ಟು ದೊಡ್ಡ ಹರಳು ಬಹಳ ಅಪರೂಪ. ಅದಕ್ಕೇ ನೀನು ಕೈ ಹಿಡಿದು ಮಾತು ತೆಗೆದುಕೊಂಡದ್ದು ಒಳ್ಳೆಯದಾಯಿತು. "ಊರಿಗೆಲ್ಲಾ ಇರೂದು ಅದೊಂದ ನೀರು. ಜಾಗಾ ಯಾರಿಗೂ ಹೇಳಬ್ಯಾಡ" ಎಂದಿದ್ದೆ. ಹೇಳಿಲ್ಲ. ಹೇಗೆ ಎಂದು ಕೇಳಬೇಡ, ನಿನ್ನ ಒರತೆ ಭದ್ರವಾಗಿದೆ.

ನಿನ್ನ
ರಾಜಶ್ರೀ

*

ಕಸರಮಾಳ
೨೬ ನವೆಂಬರ್ ೨೦೨೩

ರಾಜೀ,

ಜೋಯಿಡಾ ಪೇಟೆಗೆ ಇಳಿದರೆ ಫೋನ್ ಹತ್ತುತ್ತದೆ, ನಿನಗೆ ಅಲ್ಲಿಂದಲೇ ಮಾಡಬಹುದಿತ್ತು. ಮಾಡುವುದಿಲ್ಲ. ಹಾಸ್ಟೆಲ್ಲಿನಲ್ಲಿದ್ದಾಗಿನಿಂದ ನೋಡಿದ್ದೇನೆ, ಮಾತಿಗೆ ನಿಂತರೆ ನೀನೇ ಗೆಲ್ಲುತ್ತೀ, ನಾನು ಹೂಂ ಎಂದು ಬರುತ್ತೇನೆ. ಕಾಗದದಲ್ಲಿ ನನ್ನ ಬಾಯಿಗೆ ಅಡ್ಡ ಬರುವವರಿಲ್ಲ.

ಮಾತು ಕೊಟ್ಟಿದ್ದೆಯೋ ಇಲ್ಲವೋ? ರಾಮನಗರದ ಕಡೆಯಿಂದ ಎರಡು ಜೀಪು ಬಂದಿವೆ. ಒಬ್ಬ ಬಿಳಿ ಟೊಪ್ಪಿಗೆಯವ, ಹೊರಗಿನವ, ಹಿಂದಿ ಮಾತಾಡುತ್ತಾನೆ. ಜೊತೆಗೆ ಕಲ್ಲು ಒಡೆಯುವ ಆಳುಗಳು. ಪಂಚಾಯ್ತಿ ಕಟ್ಟೆಯ ಮುಂದೆ ಜೀಪು ನಿಲ್ಲಿಸಿ ದಾರಿ ಕೇಳಿದ. ಕೈಯಲ್ಲಿ ನಾಲ್ಕಾರು ಹಾಳೆ ಇತ್ತು. ನಾನು ಇಣುಕಿ ನೋಡಿದೆ. ಇಂಗ್ಲಿಷು ನನಗೆ ಅಷ್ಟಕ್ಕಷ್ಟೇ, ಆದರೆ ಗೆಳತಿಯ ಹೆಸರು ಓದಲು ಎಷ್ಟು ಇಂಗ್ಲಿಷು ಬೇಕು? ಕೊನೆಯಲ್ಲಿ ನಿನ್ನ ಹೆಸರಿತ್ತು. ಒಳಗೆ ನಕಾಶೆ ಇತ್ತು. ನಕಾಶೆಯಲ್ಲಿ ಕಾಳಿ ನದಿ ಇತ್ತು, ನಮ್ಮ ಹಳ್ಳ ಇತ್ತು.

ನನಗೆ ಮೈಯೆಲ್ಲ ಉರಿಯಿತು. ನಮ್ಮ ನೀರನ್ನು ಯಾವುದೋ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಭದ್ರವಾಗಿದೆ ಎಂದು ನನಗೇ ಬರೆಯುತ್ತೀಯಾ? ಅವರಿಂದ ನಿನಗೇನು ಸಿಕ್ಕಿತು? ಬಸ್ತ್ಯಾಂವ ಅದನ್ನೇ ಕೇಳುತ್ತಿದ್ದಾನೆ. "ನಿನ್ನ ಶಾಣ್ಯಾ ಗೆಳತಿ ನಮ್ಮನ್ನ ಮಾರ್ಕೊಂಡಾಳ" ಎನ್ನುತ್ತಾನೆ. ನಾನು ಇನ್ನೂ ನಿನ್ನ ಪರವಾಗಿ ಜಗಳಾಡುತ್ತಿದ್ದೇನೆ, ಎಷ್ಟು ದಿನ ಆಡುತ್ತೇನೋ ಗೊತ್ತಿಲ್ಲ.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ಅವರು ನಮ್ಮ ಕಡೆ ಬರಲೇ ಇಲ್ಲ. ಹಳ್ಳ ದಾಟಿ ಆಚೆಯ ಗುಡ್ಡಕ್ಕೆ ಹೋಗಿ ಅಲ್ಲೇ ಡೇರೆ ಹಾಕಿದ್ದಾರೆ, ಬೆಳಗಿನಿಂದ ಸಂಜೆಯ ತನಕ ಸುತ್ತಿಗೆಯ ಸದ್ದು. ಆ ಗುಡ್ಡದಲ್ಲಿ ಆ ಕಲ್ಲು ಎಲ್ಲಿಯದು? ಇವತ್ತು ದಾರಿ ತಪ್ಪಿದವರು ನಾಳೆ ಸರಿ ದಾರಿಗೆ ಬರುತ್ತಾರೆ. ಉತ್ತರ ಬರೆ, ಬೇಗ ಬರೆ.

ಲೀನಾ

*

ನಾಗಪುರ
೧೫ ಡಿಸೆಂಬರ್ ೨೦೨೩

ಲೀನಾ,

ಬೈದು ಮುಗಿಯಿತೇ? ಈಗ ಕೂತುಕೋ, ಕೂತು ಓದು. ಓದಿ ಆದ ಮೇಲೆ ಬಸ್ತ್ಯಾಂವನಿಗೂ ಓದಿ ಹೇಳು. ನನ್ನನ್ನು ಕಳ್ಳಿ ಎಂದದ್ದಕ್ಕೆ ಅವನಿಂದ ಒಂದು ಬುಟ್ಟಿ ಗೆಣಸು ಬರಬೇಕು.

ಖನಿಜ ಸಿಕ್ಕಿತು ಎಂದು ಬರೆದರೆ ಎಲ್ಲಿ ಸಿಕ್ಕಿತು ಎಂದೂ ಬರೆಯಲೇಬೇಕು. ಅಕ್ಷಾಂಶ ರೇಖಾಂಶ ಸಮೇತ. ಇಲ್ಲದಿದ್ದರೆ ಅಚ್ಚು ಹಾಕುವುದಿಲ್ಲ. ಹಾಕಿದರೆ ಏನಾಗುತ್ತದೆ ಎನ್ನುವುದೂ ನನಗೆ ಗೊತ್ತಿತ್ತು. ಅಪರೂಪದ ಹರಳುಗಳನ್ನು ಗಾಜಿನ ಬೀರುವಿನಲ್ಲಿ ಇಟ್ಟುಕೊಳ್ಳುವ ಚಟದವರು ಪ್ರಪಂಚದಲ್ಲೆಲ್ಲ ಇದ್ದಾರೆ, ಅವರಿಗೆ ಒದಗಿಸುವ ದಲ್ಲಾಳಿಗಳು ಇಂಥ ಲೇಖನಗಳನ್ನೇ ಕಾಯುತ್ತ ಕೂತಿರುತ್ತಾರೆ. ಅದಕ್ಕೆ ನಾನು ಜಾಗವನ್ನು ಸರಿಸಿದೆ. ಲೇಖನದಲ್ಲಿ ಇರುವುದು ನಿಮ್ಮ ಒರತೆ ಅಲ್ಲ, ಹಳ್ಳದ ಆಚೆಯ ಗುಡ್ಡ. ಬೇಕೆಂದೇ ಬರೆದೆ. ಮುಖ್ಯಸ್ಥರಿಗೂ ಹೇಳಿಲ್ಲ, ಅವರು ಬಂದು ನೋಡಿದ್ದರಲ್ಲವೇ ಗೊತ್ತಾಗುವುದು.

ಇದು ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ. ನಮ್ಮ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡ ಸುಳ್ಳು ಇಲ್ಲ. ಆದರೂ ನಿನಗಾಗಿ ಹೇಳಿದೆ, ನೀನು ಬೈಯುತ್ತ ಕೂತಿದ್ದೀ.

ಆ ಟೊಪ್ಪಿಗೆಯವ ಗುಡ್ಡವನ್ನು ಅಗೆಯಲಿ ಬಿಡು. ಒಂದು ಚೂರೂ ಸಿಗದು. ಕೈ ನೋವು ಬಂದ ಮೇಲೆ ಹೋಗುತ್ತಾನೆ. ಅಲ್ಲಿ ಯಾರೂ ಇಲ್ಲ, ಯಾರಿಗೂ ತೊಂದರೆ ಇಲ್ಲ. ಹೋದ ವರ್ಷದ ಏಪ್ರಿಲ್‌ನಲ್ಲಿ ಬಂದಾಗ ನಾನೇ ಹತ್ತಿ ನೋಡಿದ್ದೇನೆ, ನಾಲ್ಕು ಪಾಳು ಗುಡಿಸಲು, ಒಂದು ಖಾಲಿ ದೊಡ್ಡಿ, ಅಷ್ಟೇ.

ಈಗಲಾದರೂ ಒಂದು ಒಳ್ಳೆಯ ಮಾತು ಬರೆ.

ರಾಜಶ್ರೀ

*

ಕಸರಮಾಳ
೨೧ ಜನವರಿ ೨೦೨೪

ರಾಜಶ್ರೀ,

ಯಾರೂ ಇಲ್ಲ?

ಏಪ್ರಿಲ್‌ನಲ್ಲಿ ಅಲ್ಲಿ ಯಾರಿರುತ್ತಾರೆ? ಗೌಳಿಗರು ಬೇಸಿಗೆಯಲ್ಲಿ ಎಮ್ಮೆ ಹೊಡೆದುಕೊಂಡು ಸೂಪಾ ಹಿನ್ನೀರಿಗೆ ಇಳಿಯುತ್ತಾರೆ, ಮೊದಲ ಮಳೆಗೆ ಮರಳುತ್ತಾರೆ. ಇದು ನಮ್ಮ ತಾಲ್ಲೂಕಿನ ಬಸ್ ಕಂಡಕ್ಟರಿಗೂ ಗೊತ್ತು. ಬಾಗಿಲಿಲ್ಲದ ಗುಡಿಸಲು ನೋಡಿ ಪಾಳು ಎಂದೆಯಾ? ಹೋಗುವಾಗ ತಟ್ಟಿಯ ಬಾಗಿಲನ್ನು ಕಿತ್ತು ಹೊತ್ತುಕೊಂಡು ಹೋಗುತ್ತಾರೆ, ಅಲ್ಲಿ ಹೊಸದನ್ನು ಹೆಣೆಯುವ ಕೆಲಸ ತಪ್ಪುತ್ತದೆ ಎಂದು. ಆ ದೊಡ್ಡಿಯ ಪಕ್ಕದ ಗುಡಿಸಲಿನಲ್ಲಿ ನಾನು ಎಷ್ಟು ಕೂಸುಗಳಿಗೆ ಪೋಲಿಯೋ ಹನಿ ಹಾಕಿದ್ದೇನೆ ಕೇಳು.

ನಿಮ್ಮ ಅಂಗಡಿಯ ಕಟ್ಟೆಯ ಮೇಲೆ ಬೆಣ್ಣೆಯ ಗಡಿಗೆ ಇಳಿಸುತ್ತಿದ್ದ ಠಕೂಬಾಯಿ ನೆನಪಿದ್ದಾಳೆಯೇ? ನಿಮ್ಮ ಮನೆಯ ಹೋಳಿಗೆಗೆ ಅವಳ ತುಪ್ಪವೇ ಆಗಬೇಕಿತ್ತು. ಆ ಮುದುಕಿ ಎಲ್ಲಿಂದ ಬರುತ್ತಾಳೆ ಎಂದುಕೊಂಡಿದ್ದೆ, ಮುಗಿಲಿನಿಂದಲೇ? ಅವಳ ವಾಡೆಯೇ ಅದು, ಗೌಳಿಗರ ಕೇರಿ. ನೀನು ಚುಕ್ಕಿ ಇಟ್ಟದ್ದು ಅವಳ ಒಲೆಯ ಮೇಲೆ.

ಏನಾಗಿದೆ ಎಂದು ಹೇಳುತ್ತೇನೆ, ಕೂತು ಓದು ಎಂದು ನನಗೆ ಹೇಳಿದೆಯಲ್ಲ, ಈಗ ನೀನು ಕೂತು ಓದು.

ಸುತ್ತಿಗೆಗೆ ಏನೂ ಸಿಗದಾಗ ಅವರು ಜಿಲೆಟಿನ್ ತಂದರು. ವಾಡೆಯ ಹಿಂದಿನ ಬಂಡೆಗೆ ತೂತು ಕೊರೆದು ಸಿಡಿಸಿದರು. ಬಂಡೆಯ ಕೆಳಗಿನಿಂದ ಬರುತ್ತಿದ್ದ ನೀರು ಮೊದಲು ಕೆಂಪಾಯಿತು, ಆಮೇಲೆ ನಿಂತೇ ಹೋಯಿತು. ಗಬ್ಬದ ಎಮ್ಮೆಯೊಂದು ಗುಂಡಿಗೆ ಬಿದ್ದು ಸತ್ತಿತು. ಟೊಪ್ಪಿಗೆಯವ ಠಕೂಬಾಯಿಯ ಮಗ ವಿಠೂನಿಗೆ, ಇದು ಸರ್ಕಾರಿ ಸರ್ವೆಯ ಸಾಮಾನು, ಇಬ್ಬನಿ ತಾಗಬಾರದು ಎಂದು ಹೇಳಿ ವಯರು, ಪೆಟ್ಟಿಗೆ ಎಲ್ಲ ಅವನ ದೊಡ್ಡಿಯಲ್ಲೇ ಇಡಿಸಿದ್ದ. ಸದ್ದು ಕೇಳಿ ಕಾಡು ಕಾಯುವವರು ಬರುವ ಹೊತ್ತಿಗೆ ಜೀಪು ಗೋವಾ ರಸ್ತೆ ಹಿಡಿದಾಗಿತ್ತು. ಸಿಕ್ಕವನು ವಿಠೂ. ದೊಡ್ಡಿಯಲ್ಲಿ ಸಿಡಿಮದ್ದು. ಡೇರೆಯಲ್ಲಿ ಅವರು ಬಿಟ್ಟುಹೋದ ನಿನ್ನ ಲೇಖನ. ಇಲ್ಲಿ ಅಪರೂಪದ ಕಲ್ಲಿದೆ ಎಂದು ವಿಜ್ಞಾನಿಗಳೇ ಬರೆದಿದ್ದಾರೆ, ಇವನು ಹೊರಗಿನವರನ್ನು ಕರೆಸಿ ಕದ್ದು ಮಾರುತ್ತಿದ್ದಾನೆ ಎಂದು ಕೇಸು. ಜಾಮೀನು ಸಿಕ್ಕಿಲ್ಲ. ಅವನು ಜೈಲಿನಲ್ಲಿದ್ದಾನೆ.

ಠಕೂಬಾಯಿ ನಮ್ಮ ಮನೆಗೆ ನಡೆದು ಬಂದಳು. ಕೂರು ಎಂದರೆ ಕೂರಲಿಲ್ಲ. "ಬಾಯೀ, ನಮ್ಮ ಪೋರ ಲೋಣಿ, ತುಪ್ಪಾ ಮಾರಾವ. ಕಲ್ಲು ಯಾಂವ ತಗೋತಾನ? ಕಲ್ಲು ತಿಂತಾರೇನ?" ಎಂದು ಕೇಳಿದಳು. ಅವಳ ಮುಂದೆ ನಿಂತಿದ್ದಾಗ ನಿನ್ನ ಕಾಗದ ನನ್ನ ಸೊಂಟದ ಚೀಲದಲ್ಲೇ ಇತ್ತು.

ದಾಂಡೇಲಿಯ ಇರ್ಫಾನ್ ವಕೀಲರನ್ನು ಕಂಡೆ. "ಆ ಗುಡ್ಡದಾಗ ಕಲ್ಲ ಇಲ್ಲಾ ಅಂತ ಬರದಾಕಿನ ಬರದು ಕೊಟ್ಟರ ಅರ್ಧಾ ಕೇಸ್ ಅಲ್ಲೇ ಬಿದ್ದ್ ಹೋಗತೈತಿ. ಕದಿಯಾಕ ಏನೂ ಇಲ್ಲಂದ್ರ ಕಳ್ಳ ಹೆಂಗ ಆಗ್ತಾನ? ಮೋಸ ಹೋದಾಂವ ಆಗ್ತಾನ" ಎಂದರು. ಬರೆದು ಕೊಡು. ಲೇಖನದಲ್ಲಿರುವ ಜಾಗ ಸುಳ್ಳು ಎಂದು ಬರೆದು, ಸಹಿ ಹಾಕಿ ಕಳಿಸು. ಬೇರೆ ಯಾವ ಮಾತೂ ಬೇಡ.

ಲೀನಾ

*

ನಾಗಪುರ
೧೦ ಫೆಬ್ರವರಿ ೨೦೨೪

ಲೀನಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಠಕೂಬಾಯಿ ನೆನಪಿದ್ದಾಳೆ. ಆದರೆ ನೀನು ನನ್ನನ್ನು ಬೈದ ರೀತಿಗೆ ನನಗೂ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ನಾನು ಯಾರಿಗಾಗಿ ಸುಳ್ಳು ಬರೆದೆ? ಯಾರಿಗೂ ಹೇಳಬೇಡ ಎಂದವಳು ನೀನು. ಹೇಳದೆ ಇರುವ ದಾರಿ ಅದೊಂದೇ ಇತ್ತು. ಅಂಗಡಿಯ ಕಟ್ಟೆ, ಹೋಳಿಗೆ ಎಂದೆಲ್ಲ ಎತ್ತಿ ಆಡಿದೆಯಲ್ಲ, ಆ ಗುಡ್ಡದಲ್ಲಿ ಜನ ಇದ್ದಾರೆ ಎಂದು ನವೆಂಬರಿನ ಕಾಗದದಲ್ಲಿ ನೀನೇ ಏಕೆ ಬರೆಯಲಿಲ್ಲ? ಆಗ ನಿನಗೂ ನಿಮ್ಮ ಒರತೆಯದೇ ಚಿಂತೆ.

ಈಗ ತಲೆ ತಣ್ಣಗೆ ಮಾಡಿಕೊಂಡು ಯೋಚಿಸು. ಲೇಖನದ ಜಾಗ ಸುಳ್ಳು ಎಂದು ನಾನು ಬರೆದರೆ, ಮರುಕ್ಷಣ ಕೇಳುತ್ತಾರೆ, ಹಾಗಾದರೆ ನಿಜವಾದ ಜಾಗ ಯಾವುದು? ಎಕ್ಸ್‌ರೇ ಸುಳ್ಳಲ್ಲ, ಹರಳು ನಮ್ಮ ಪ್ರಯೋಗಾಲಯದಲ್ಲೇ ಇದೆ. ಎಲ್ಲಿಂದಲೋ ಬಂದಿರಲೇಬೇಕು. ಜಾಗವಿಲ್ಲದ ಕಲ್ಲು ನಮ್ಮಲ್ಲಿ ಕಲ್ಲೇ ಅಲ್ಲ. ನಾನು ಬಾಯಿ ಬಿಟ್ಟರೆ ಜಿಲೆಟಿನ್ ನಿಮ್ಮ ಒರತೆಗೆ ಬರುತ್ತದೆ. ಬಿಡದಿದ್ದರೆ ನನ್ನ ಕೆಲಸ ಹೋಗುತ್ತದೆ. ವಿಠೂ ಒಬ್ಬ. ನಿಮ್ಮ ಊರಿನಲ್ಲಿ ಎಷ್ಟು ಮನೆಗಳಿವೆ, ನೀನೇ ಎಣಿಸು. ಇದು ಕಟುಕರ ಮಾತಿನಂತೆ ಕೇಳುತ್ತದೆ ಎಂದು ಗೊತ್ತು. ಯಾರಾದರೂ ಹೇಳಲೇಬೇಕಲ್ಲ.

ಇದರ ಜೊತೆಗೆ ಸಂಸ್ಥೆಯ ಹಾಳೆಯ ಮೇಲೆ ಒಂದು ಪ್ರಮಾಣಪತ್ರ ಇಟ್ಟಿದ್ದೇನೆ. ಆ ಪ್ರದೇಶದಲ್ಲಿ ಖನಿಜದ ಪ್ರಮಾಣದ ಬಗ್ಗೆ ಹೆಚ್ಚಿನ ಅಧ್ಯಯನ ಆಗಬೇಕು, ಈಗಲೇ ನಿಶ್ಚಿತವಾಗಿ ಹೇಳಲಾಗದು ಎಂದು ಬರೆದಿದ್ದೇನೆ. ಇದರಲ್ಲಿ ಸುಳ್ಳಿಲ್ಲ. ಜಾಮೀನಿಗೆ ಇಷ್ಟು ಸಾಕಾಗಬಹುದು. ವಕೀಲರಿಗೆ ಕೊಡು.

ರಾಜಶ್ರೀ

*

ಕಸರಮಾಳ
೩ ಮಾರ್ಚ್ ೨೦೨೪

ರಾಜಶ್ರೀ,

ನಿನ್ನ ಪ್ರಮಾಣಪತ್ರ ವಾಪಸು ಕಳಿಸಿದ್ದೇನೆ. ಇರ್ಫಾನ್ ವಕೀಲರು ಕನ್ನಡಕ ಏರಿಸಿ ಓದಿ, "ಇದನ್ನ ಕೊಟ್ಟರ ಜಡ್ಜ್ ಸಾಹೇಬ್ರು ಮೊದಲ ನನ್ನನ್ನ ಹೊರಗ ಹಾಕ್ತಾರ. ಹೌದು ಅಂತೈತೋ ಅಲ್ಲ ಅಂತೈತೋ ಇದು?" ಎಂದರು. ನನಗೆ ನಾಚಿಕೆಯಾಯಿತು. ನಿನ್ನ ಪರವಾಗಿ ನಾಚಿಕೆ ಪಡುವುದು ಇದೇ ಮೊದಲ ಸಲ.

ವಿಠೂ ಒಬ್ಬ, ಊರಿನ ಮನೆ ಎಣಿಸು ಎಂದೆ. ಬಸ್ತ್ಯಾಂವನೂ ಇದನ್ನೇ ಹೇಳುತ್ತಾನೆ. ನೀವಿಬ್ಬರೂ ಒಂದೇ ಮಾತು ಆಡುವ ದಿನ ಬರುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮೊನ್ನೆ ಚರ್ಚಿನ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲೇ ಎಲ್ಲರೂ ಸೇರಿದರು. ನಾನು ವಿಷಯ ಎತ್ತಿದೆ. "ನಮ್ಮ ನೀರು ಉಳದೈತಿ. ಆ ಕಡಿ ಗೌಳಿಗರದು ಅವರ ನೋಡ್ಕೋತಾರ. ಸುಮ್ಮ ಕುಂದರು, ಲೀನಾ" ಎಂದ ನಮ್ಮಣ್ಣ. ಯಾರೂ ಅಲ್ಲ ಎನ್ನಲಿಲ್ಲ. ನಮ್ಮವರನ್ನು ಕಂಡರೆ ಪೇಟೆಯವರು ಹೀಗೇ ಮಾತಾಡುತ್ತಾರೆ. ಕಾಡಿನವರು, ಅವರದನ್ನು ಅವರು ನೋಡಿಕೊಳ್ಳುತ್ತಾರೆ ಎಂದು. ಆ ಮಾತು ಕೇಳಿ ಕೇಳಿ ಬೆಳೆದವನ ಬಾಯಿಂದಲೇ ಅದು ಬಂತು. ಚಪ್ಪಲಿ ಮೆಟ್ಟಿಕೊಂಡು ಎದ್ದು ಬಂದೆ.

ನವೆಂಬರಿನಲ್ಲಿ ನಾನೇಕೆ ಬರೆಯಲಿಲ್ಲ ಎಂದು ಕೇಳಿದೆ. ಗುಡ್ಡದ ಮೇಲೆ ಗೌಳಿಗರಿದ್ದಾರೆ ಎಂದು ಹಳಿಯಾಳದಲ್ಲಿ ಹುಟ್ಟಿದವಳಿಗೆ ಬರೆದು ತಿಳಿಸಬೇಕಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಅದೇ ಉತ್ತರ.

ಠಕೂಬಾಯಿ ಈಗ ಎಮ್ಮೆಗಳನ್ನು ಹಳ್ಳದ ತನಕ ಹೊಡೆದು ತರುತ್ತಾಳೆ. ಹಳ್ಳವೂ ಇಂಗುತ್ತಿದೆ. ಹಾಲು ಅರ್ಧಕ್ಕೆ ಇಳಿದಿದೆ. ಮಗನನ್ನು ನೋಡಲು ಹೋದಾಗ ಅವನು ಕೇಳಿದ್ದು ಒಂದೇ ಮಾತಂತೆ, "ಆಯೇ, ನಾ ಏನ್ ಕದ್ದೇನಿ ಅದನ್ನರ ನನಗ ತೋರಸರಿ." ಆ ಕಲ್ಲನ್ನು ಅವನು ಕಣ್ಣಿಂದಲೂ ನೋಡಿಲ್ಲ. ಜೈಲಿನಲ್ಲಿ ಕೂತಿದ್ದಾನೆ.

ನೀನು ಓದಿದವಳು, ನಿನ್ನ ಲೆಕ್ಕ ದೊಡ್ಡದು. ನನ್ನದು ಇಷ್ಟೇ. ಅವನು ಮಾಡದ ತಪ್ಪಿಗೆ ಒಳಗಿದ್ದಾನೆ, ಮಾಡಿದವಳು ನೀನು, ಲಾಭ ಉಣ್ಣುತ್ತಿರುವವರು ನಾವು. ಈ ನೀರು ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ.

ಈಸ್ಟರ್ ತನಕ ಕಾಯುತ್ತೇನೆ. ಆಮೇಲೆ ಕಾಯುವುದಿಲ್ಲ.

ಲೀನಾ

*

ನಾಗಪುರ
೨೦ ಮೇ ೨೦೨೪

ಲೀನಾ,

ಈಸ್ಟರ್ ಕಳೆದು ಬಹಳ ದಿನವಾಯಿತು. ಇನ್ನು ಕಾಯುವುದಿಲ್ಲ ಎಂದರೆ ನನ್ನನ್ನು ಬಿಟ್ಟುಬಿಟ್ಟೆ ಎಂದೇ ಅರ್ಥ ಮಾಡಿಕೊಂಡಿದ್ದೇನೆ. ಬಿಟ್ಟಿದ್ದರೂ ಇದೊಂದು ಕಾಗದ ಓದಿಬಿಡು.

ಬರೆದುಕೊಟ್ಟೆ. ಪತ್ರಿಕೆಗೆ, ಸಂಸ್ಥೆಗೆ, ಇರ್ಫಾನ್ ವಕೀಲರಿಗೆ, ಮೂವರಿಗೂ ಒಂದೇ ಒಕ್ಕಣೆ. ಲೇಖನದಲ್ಲಿರುವ ಜಾಗ ಸುಳ್ಳು, ಆ ಗುಡ್ಡದಲ್ಲಿ ಈ ಖನಿಜ ಇಲ್ಲ, ಸುಳ್ಳು ಬರೆದವಳು ನಾನೊಬ್ಬಳೇ ಎಂದು. ಬರೆಯಲು ಇಷ್ಟು ದಿನ ಏಕೆ ಬೇಕಾಯಿತು ಎಂದು ಕೇಳಬೇಡ. ಪ್ರತಿ ವಾರವೂ ಬರೆಯುತ್ತಿದ್ದೆ, ಪ್ರತಿ ವಾರವೂ ಹರಿಯುತ್ತಿದ್ದೆ. ಕಾಯಂ ಮಾಡುವ ಆದೇಶ ಏಪ್ರಿಲ್ ಕೊನೆಗೆ ಬರುವುದಿತ್ತು. ಅದು ಬಂದ ಮೇಲೆ ಬರೆದರಾಯಿತು ಎಂದುಕೊಂಡೆ. ಬಂತು. ಅದನ್ನು ಕೈಯಲ್ಲಿ ಹಿಡಿದಾಗ ಸಂತೋಷವೇ ಆಗಲಿಲ್ಲ. ನನ್ನ ಮೇಲೆಯೇ ಹೇಸಿಗೆಯಾಯಿತು.

ವಿಚಾರಣೆಗೆ ಕರೆದರು. ಮುಖ್ಯಸ್ಥರ ಮುಖ ನೋಡಬೇಕಿತ್ತು ನೀನು. ಮೊದಲ ಹೆಸರು ತಮ್ಮದು ಎಂದು ಒಂದು ವರ್ಷ ಮೆರೆದವರು, ಈ ಲೇಖನಕ್ಕೂ ತಮಗೂ ಸಂಬಂಧವೇ ಇಲ್ಲ ಎಂದು ಮೇಜು ಗುದ್ದಿದರು. ನಗು ಬಂತು, ನಗಲಿಲ್ಲ. ನಿಜವಾದ ಜಾಗ ಯಾವುದು ಎಂದು ಕೇಳಿದರು. ಹೇಳುವುದಿಲ್ಲ ಎಂದೆ. ಹೇಳಿದರೆ ತಿದ್ದುಪಡಿ ಹಾಕಿ ಲೇಖನ ಉಳಿಸಿಕೊಳ್ಳಬಹುದು, ನಿಮ್ಮ ಕೆಲಸದ ಬಗ್ಗೆಯೂ ಯೋಚಿಸಬಹುದು ಎಂದು ಆಸೆ ತೋರಿಸಿದರು. ಹೇಳಲಿಲ್ಲ. ಹರಳನ್ನು ಪೆಟ್ಟಿಗೆಯಿಂದ ತೆಗೆದು, ಮೂಲ ಗೊತ್ತಿಲ್ಲ ಎಂದು ಚೀಟಿ ಅಂಟಿಸಿ ಬೇಡದ ಕಲ್ಲುಗಳ ಕಪಾಟಿಗೆ ಹಾಕಿದರು. ಇನ್ನು ಮುಂದೆ ಪುಸ್ತಕಗಳ ಪ್ರಕಾರ ಜೋಯಿಡಾದಲ್ಲಿ ಪೈರಾಕ್ಸ್‌ಮ್ಯಾಂಗೈಟ್ ಸಿಕ್ಕೇ ಇಲ್ಲ. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಹಳಿಯಾಳಕ್ಕೆ ಬರಬೇಕು, ಅಪ್ಪನಿಗೆ ಇನ್ನೂ ಹೇಳಿಲ್ಲ.

ಇಷ್ಟೆಲ್ಲ ಬರೆದದ್ದು ನೀನು ಶಹಬ್ಬಾಸ್ ಎನ್ನಲಿ ಎಂದಲ್ಲ. ವಿಠೂ ಹೊರಗೆ ಬರುತ್ತಾನೆ, ನಿಮ್ಮ ಒರತೆಯ ಹೆಸರು ಯಾರ ಕಿವಿಗೂ ಬಿದ್ದಿಲ್ಲ. ಎರಡೂ ಆಗುವುದಿಲ್ಲ ಎಂದಿದ್ದೆ, ಎರಡೂ ಆಯಿತು. ನನ್ನದು ಹೋಯಿತು ಅಷ್ಟೇ. ಹೋಗಲಿ.

ರಾಜಶ್ರೀ

*

ಕಸರಮಾಳ
೨ ಜೂನ್ ೨೦೨೪

ರಾಜೀ,

ನಿನ್ನ ಕಾಗದವನ್ನು ಪೋಸ್ಟಿನ ಸೋಮಪ್ಪ ಒರತೆಯ ಹತ್ತಿರವೇ ತಂದುಕೊಟ್ಟ. ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮಾರ್ಚಿನಲ್ಲಿ ಬರೆಯಬಾರದಿತ್ತೇ? ಏಪ್ರಿಲ್ ಮೊದಲ ವಾರದಲ್ಲಾದರೂ?

ನೀನು ಬಾಯಿ ಬಿಡಲಿಲ್ಲ. ನಾನೇ ಬಿಟ್ಟೆ.

ಈಸ್ಟರ್ ತನಕ ಕಾಯುತ್ತೇನೆ ಎಂದದ್ದು ಸ್ನೇಹದ ಮಾತಲ್ಲ, ಮಾರಾಯ್ತಿ. ಈಸ್ಟರ್ ಆದ ಮರುವಾರ ನಾನು ಮನೆಯಲ್ಲಿದ್ದ ಇನ್ನೊಂದು ಚೂರು ಕಲ್ಲನ್ನು ತೆಗೆದುಕೊಂಡು ಇರ್ಫಾನ್ ವಕೀಲರ ಜೊತೆ ಅರಣ್ಯ ಇಲಾಖೆಯ ಸಾಹೇಬರ ಮುಂದೆ ನಿಂತೆ. "ನೀವು ಹುಡುಕೂ ಕಲ್ಲ ಇದ ಅಲ್ರೀ? ಇದು ಗೌಳಿಗರ ಗುಡ್ಡದ್ದಲ್ಲ. ನಮ್ಮ ಒರತಿದು. ಬರ್ರಿ, ತೋರಸ್ತೇನಿ" ಎಂದೆ. ಅವರು ಗಣಿ ಇಲಾಖೆಯಿಂದ ಒಬ್ಬರನ್ನು ಕರೆಸಿಕೊಂಡು ಬಂದರು. ಮೊದಲು ವಾಡೆಯ ಗುಂಡಿಯ ಕಲ್ಲುಗಳನ್ನೆಲ್ಲ ಒಡೆಸಿದರು. ಒಳಗೂ ಕಪ್ಪು, ಹೊರಗೂ ಕಪ್ಪು. ಆಮೇಲೆ ಹಳ್ಳ ದಾಟಿ ನಮ್ಮ ಕಡೆ ಬಂದರು.

ನಾನು ಮುಂದೆ, ಅವರು ಹಿಂದೆ. ಒರತೆಗೆ ತಿರುಗುವ ಕಾಲುದಾರಿಯಲ್ಲಿ ಬಸ್ತ್ಯಾಂವ ಅಡ್ಡ ನಿಂತಿದ್ದ. ಅವನ ಹಿಂದೆ ನಮ್ಮ ಕೇರಿಯವರೆಲ್ಲ ಇದ್ದರು, ನನ್ನ ಕೈಯಿಂದ ಔಷಧಿ ಇಸಿದುಕೊಂಡವರು, ನಾನು ಹೆರಿಗೆಗೆ ಕರೆದೊಯ್ದವರು. "ಲೀನಾ, ಇನ್ನೊಂದ್ ಹೆಜ್ಜಿ ಇಟ್ಟಿ ಅಂದ್ರ ನೀ ನನ್ನ ತಂಗಿ ಅಲ್ಲ" ಎಂದ. ಅವನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನ ಕಣ್ಣಲ್ಲಿ ನೀರಿತ್ತು. ನಮ್ಮ ಅಪ್ಪ ಸತ್ತ ದಿನ ಬಿಟ್ಟರೆ ಅವನು ಅತ್ತದ್ದು ನಾನು ನೋಡಿಲ್ಲ. "ದಾರಿ ಬಿಡಣ್ಣಾ. ಒಬ್ಬಾಕಿ ಮಗ ಒಳಗದಾನ" ಎಂದೆ. ಬಿಡಲಿಲ್ಲ. ಪಕ್ಕದ ಮುಳ್ಳುಪೊದೆಯೊಳಗೆ ನುಗ್ಗಿ ಅವನನ್ನು ಬಳಸಿಕೊಂಡು ಇಳಿದೆ. ಸಾಹೇಬರೂ ಇಳಿದರು. ಬಂಡೆಗೆ ಒಂದು ಪೆಟ್ಟು ಹಾಕಿದರು, ಗುಲಾಬಿ ಕಂಡಿತು. ಬರೆದುಕೊಂಡರು, ಫೋಟೋ ತೆಗೆದರು, ನಮ್ಮ ಊರಿನ ಹೆಸರಿನ ಕಾಗುಣಿತವನ್ನು ನನ್ನನ್ನೇ ಕೇಳಿದರು.

ವಿಠೂ ಮೇ ಮೊದಲಿಗೇ ಹೊರಗೆ ಬಂದ. ನೀನು ಬರೆದುಕೊಡುವುದಕ್ಕೆ ಮುಂಚೆ. ನಿನ್ನ ಸಹಿಯಿಂದ ಅಲ್ಲ, ರಾಜೀ, ನಮ್ಮ ನೀರಿನಿಂದ. ಇದನ್ನು ನಿನಗೆ ಹೇಳದೆ ಬಚ್ಚಿಡಬಹುದಿತ್ತು, ಕೆಲಸ ಕಳೆದುಕೊಂಡವಳಿಗೆ ಅಷ್ಟಾದರೂ ಸಮಾಧಾನ ಇರಲಿ ಎಂದು. ಬಚ್ಚಿಟ್ಟು ಬಚ್ಚಿಟ್ಟೇ ನಾವು ಇಲ್ಲಿಗೆ ಬಂದು ನಿಂತಿದ್ದೇವೆ.

ಈಗ ಒರತೆಯ ಸುತ್ತ ಸುಣ್ಣದ ಗುರುತು ಹಾಕಿದ್ದಾರೆ. ಸರ್ವೆ ಆಗುತ್ತದಂತೆ. ರಾಮನಗರದ ಒಬ್ಬ ಕಂಟ್ರಾಕ್ಟರ್ ಆಗಲೇ ಎರಡು ಸಲ ಬಂದು ಹೋದ, ಬೇರೆ ಜೀಪು, ಬೇರೆ ಟೊಪ್ಪಿಗೆ. ಊರಿನಲ್ಲಿ ನನ್ನ ಜೊತೆ ಯಾರೂ ಮಾತಾಡುವುದಿಲ್ಲ. ಕೂಸುಗಳಿಗೆ ಹನಿ ಹಾಕಲು ಹೋದರೆ ಬಾಗಿಲು ತೆಗೆದು, ಹಾಕಿಸಿಕೊಂಡು, ಮುಚ್ಚುತ್ತಾರೆ. ಬಸ್ತ್ಯಾಂವ ಬೇರೆ ಒಲೆ ಹೂಡಿದ್ದಾನೆ. ನಾನು ಮಾಡಿದ್ದು ಸರಿ ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗೆ ಕೆಲವು ದಿನ ಇರುವುದಿಲ್ಲ. ಆ ದಿನಗಳಲ್ಲಿ ಎಲ್ಲರ ಮೇಲೂ ಸಿಟ್ಟು ಬರುತ್ತದೆ, ನಿನ್ನ ಮೇಲೆ ಎಲ್ಲರಿಗಿಂತ ಹೆಚ್ಚು.

ಗೌಳಿಗರು ಮಾತ್ರ ಬಂದರು. ಈ ಬೇಸಿಗೆ ಹಿನ್ನೀರಿಗೆ ಇಳಿಯಲಿಲ್ಲ. ವಿಠೂ ಮತ್ತು ಅವನ ಕಡೆಯವರು ಎಮ್ಮೆ ಸಮೇತ ಸುಣ್ಣದ ಗೆರೆಯ ಮೇಲೆಯೇ ದೊಡ್ಡಿ ಕಟ್ಟಿಕೊಂಡು ಕೂತಿದ್ದಾರೆ. ಕಂಟ್ರಾಕ್ಟರನ ಜೀಪು ಬಂದರೆ ನಾಯಿಗಳನ್ನು ಬಿಡುತ್ತಾರೆ. ಠಕೂಬಾಯಿ ನನ್ನ ಪಕ್ಕ ಕೂತು ಎಲೆಅಡಿಕೆ ಜಗಿಯುತ್ತಾಳೆ. ನಿನ್ನ ಕಾಗದ ಬಂದಾಗಲೂ ಕೂತಿದ್ದಳು. "ಯಾರದು ಬಾಯೀ?" ಎಂದು ಕೇಳಿದಳು. ನೀನು ಯಾರು, ಏನು ಮಾಡಿದೆ ಎಂದು ಮೊದಲಿನಿಂದ ಕೊನೆಯ ತನಕ ಹೇಳಿದೆ. ಅವಳು ಬಾಯಲ್ಲಿದ್ದ ಎಲೆಅಡಿಕೆ ಉಗಿದಳು. ಕ್ಷಮಿಸುತ್ತಾಳೆ ಎಂದುಕೊಂಡೆಯಾ? ಇಲ್ಲ. "ಆಕೀಗೆ ಇಲ್ಲಿಗೆ ಬಾ ಅನ್ನು. ನನ್ನ ಎಮ್ಮಿ ಸತ್ತ ಗುಂಡಿ ಆಕಿ ಕೈಲೆ ಮುಚ್ಚಸ್ತೇನಿ" ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ. ಹಳಿಯಾಳದಲ್ಲಿ ಇಳಿದು ಅಂಗಡಿಯ ಕಟ್ಟೆಯ ಮೇಲೆ ಮುಖ ಮುಚ್ಚಿಕೊಂಡು ಕೂರಬೇಡ. ಅಲ್ಲಿಂದಲೇ ಬೆಳಗಿನ ಬಸ್ಸು ಹತ್ತು. ಗುದ್ದಲಿ ಇಲ್ಲಿದೆ. ಮುದುಕಿ ಬೈಯುತ್ತಾಳೆ, ಬಸ್ತ್ಯಾಂವ ಉಗುಳುತ್ತಾನೆ, ನನ್ನದಂತೂ ಇನ್ನೂ ಶುರುವೇ ಆಗಿಲ್ಲ, ಇಷ್ಟನ್ನೆಲ್ಲ ಕಾಗದದಲ್ಲಿ ಮುಗಿಸಲು ಆಗುವುದಿಲ್ಲ. ಬಂದು ಎದುರಿಗೆ ನಿಂತು ಕೇಳು.

ಲೀನಾ